ರಾವಣನ ತೋಳು, ಅಟ್ಟದ ರಾಟೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ನೋಡುತ್ತಾ ಸುತ್ತು ಬರುವಾಗ ಒಂದು ಕಡೆ ಮಕ್ಕಳ ಕಾಲು ತಾನಾಗಿ ನಿಂತುಬಿಡುತ್ತದೆ. ಅಲ್ಲಿ ರಾವಣ ಕೈಲಾಸವನ್ನು ಎತ್ತುತ್ತಿದ್ದಾನೆ. ಮೇಲೆ ಶಿವ ಪಾರ್ವತಿ ಕುಳಿತಿದ್ದಾರೆ, ಬೆಟ್ಟದ ತುಂಬ ಪ್ರಾಣಿಗಳು, ಗಣಗಳು. ಕೆಳಗೆ ಮಂಡಿಯೂರಿದ ರಾವಣನ ತೋಳುಗಳು ಬೀಸಣಿಗೆಯ ಹಾಗೆ ಎರಡೂ ಕಡೆಗೆ ಹರಡಿವೆ. ಕಳೆದ ಸಲ ನಾನು ಹೋಗಿದ್ದಾಗ ಒಬ್ಬಳು ಪುಟ್ಟ ಹುಡುಗಿ ಅದನ್ನೇ ನೋಡುತ್ತಾ ನಿಂತಿದ್ದಳು.

"ತಾತ, ಇವನಿಗ್ಯಾಕೆ ಇಷ್ಟೊಂದು ಕೈ?"

"ಬೆಟ್ಟ ಎತ್ತಬೇಕಲ್ಲ ಮಗಾ. ಎರಡು ಕೈಗೆ ಆಗುತ್ತಾ?"

ತಾತ ಮುಂದೆ ನಡೆದರು. ನಾನು ಅಲ್ಲೇ ನಿಂತೆ. ಭಾರ ಎತ್ತುವುದರ ಬಗ್ಗೆ ಇದಕ್ಕಿಂತ ಸರಳವಾದ ಉತ್ತರ ನನಗೆ ಇನ್ನೊಂದು ಗೊತ್ತಿಲ್ಲ. ಭಾರ ದೊಡ್ಡದಾದರೆ ಕೈಗಳು ಹೆಚ್ಚು ಬೇಕು. ರಾವಣನಿಗೆ ಇಪ್ಪತ್ತು ಇದ್ದವು. ನಮಗಿರುವುದು ಎರಡೇ. ಹಾಗಾದರೆ ಉಳಿದ ಕೈಗಳನ್ನು ನಾವು ಎಲ್ಲಿಂದ ತರೋಣ? ತರುವ ಒಂದು ದಾರಿಯನ್ನು ಈ ಬರಹದಲ್ಲಿ ಹೇಳುತ್ತೇನೆ. ಅದಕ್ಕೆ ಬೇಕಾಗುವುದು ಒಂದು ಹಗ್ಗ, ಒಂದೆರಡು ರಾಟೆ. ಬಾವಿಯ ಮೇಲೆ ಇರುತ್ತದಲ್ಲ, ಅಂಚಿನ ಸುತ್ತ ಹಗ್ಗ ಕೂರಲು ತೋಡು ಇರುವ ಗಾಲಿ, ಅದೇ ರಾಟೆ. ಕೆಲವೆಡೆ ಗಡಗಡೆ ಎನ್ನುತ್ತಾರೆ, ಮೆಕ್ಯಾನಿಕ್‌ಗಳು ಪುಲ್ಲಿ ಎನ್ನುತ್ತಾರೆ.

ಹಳೇಬೀಡಿನಿಂದ ಜಾವಗಲ್ ಮೇಲೆ ಅರಸೀಕೆರೆಗೆ ಬನ್ನಿ. ದಾರಿಯುದ್ದಕ್ಕೂ ತೆಂಗಿನ ತೋಟ. ಈ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಎಲ್ಲವನ್ನೂ ಮಾರಿಬಿಡುವುದಿಲ್ಲ. ಸಿಪ್ಪೆಯ ಸಮೇತ ಮನೆಯ ಅಟ್ಟದ ಮೇಲೆ ಹರಡಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು ಬರುತ್ತದೆ. ಆ ಕೊಬ್ಬರಿಯೇ ಅರಸೀಕೆರೆ, ತಿಪಟೂರಿನ ಮಾರುಕಟ್ಟೆಗೆ ಹೋಗುವುದು.

ಆದರೆ ಸಾವಿರಾರು ಕಾಯಿಗಳು ಮೊದಲು ಅಟ್ಟ ಹತ್ತಬೇಕಲ್ಲ! ಕೆಳಗಿನವರು ಒಂದೊಂದಾಗಿ ಎಸೆದು ಮೇಲಿನವರು ಹಿಡಿಯಬಹುದು. ಬುಟ್ಟಿಗೆ ಹಗ್ಗ ಕಟ್ಟಿ ಎಳೆಯಬಹುದು. ನಾವು ಬುಟ್ಟಿಯನ್ನೇ ಇಟ್ಟುಕೊಳ್ಳೋಣ. ಬುಟ್ಟಿಯಲ್ಲಿ ಕಾಯಿ ತುಂಬಿ ಒಟ್ಟು 40 ಕಿಲೋ ಇದೆ, ಅಟ್ಟ 10 ಅಡಿ ಎತ್ತರದಲ್ಲಿದೆ ಎಂದುಕೊಳ್ಳಿ.

ಮೊದಲು ಅಟ್ಟದ ತೊಲೆಗೆ ಒಂದು ರಾಟೆ ಕಟ್ಟೋಣ. ಹಗ್ಗದ ಒಂದು ತುದಿ ಬುಟ್ಟಿಗೆ. ಅಲ್ಲಿಂದ ಅದು ರಾಟೆಯ ಮೇಲೆ ಹಾದು ಕೆಳಗೆ ನಿಮ್ಮ ಕೈಗೆ ಬರುತ್ತದೆ. ಈಗ ಎಳೆಯಿರಿ. ಬುಟ್ಟಿಯನ್ನು ಎತ್ತಲು ಎಷ್ಟು ಬಲ ಬೇಕು? ಪೂರ್ತಿ 40 ಕಿಲೋ! ಒಂದಿಷ್ಟೂ ಕಡಿಮೆಯಾಗಲಿಲ್ಲ. ನಿಮ್ಮ ತೂಕ 30 ಕಿಲೋ ಆಗಿದ್ದರೆ, ನೀವು ಹಗ್ಗಕ್ಕೆ ಜೋತುಬಿದ್ದರೂ ಬುಟ್ಟಿ ನೆಲ ಬಿಟ್ಟು ಅಲ್ಲಾಡುವುದಿಲ್ಲ. ಬುಟ್ಟಿಯೇ ಮೇಲಿದ್ದು ನೀವು ಹಗ್ಗ ಹಿಡಿದುಕೊಂಡಿದ್ದರಂತೂ ಅದು ಕೆಳಗೆ ಬರುತ್ತದೆ, ನೀವು ಮೇಲೆ ಹೋಗುತ್ತೀರಿ!

ಹಾಗಾದರೆ ಈ ರಾಟೆಯಿಂದ ಬಂದ ಲಾಭವೇನು? ದಿಕ್ಕು. ಅಟ್ಟದ ಮೇಲೆ ಬಗ್ಗಿ ನಿಂತು ಮೇಲಕ್ಕೆ ಎಳೆಯುವ ಬದಲು ನೆಲದ ಮೇಲೆ ಗಟ್ಟಿಯಾಗಿ ನಿಂತು ಕೆಳಕ್ಕೆ ಎಳೆಯಬಹುದು. ಕೆಳಕ್ಕೆ ಎಳೆಯುವಾಗ ನಮ್ಮ ಮೈಭಾರವೂ ನಮ್ಮ ಕಡೆಗಿರುತ್ತದೆ. ಬಾವಿಯ ರಾಟೆ ಮಾಡುವುದು ಇಷ್ಟನ್ನೇ. ಆಗಸ್ಟ್ 15ರಂದು ಶಾಲೆಯ ಧ್ವಜಸ್ತಂಭದ ತುದಿಯಲ್ಲಿ ತಿರುಗುವ ಪುಟ್ಟ ಗಾಲಿ ಮಾಡುವುದೂ ಇಷ್ಟನ್ನೇ. ಯಾರೂ ಕಂಬ ಹತ್ತದೆ ಬಾವುಟ ಮೇಲೇರುತ್ತದೆ. ಒಂದೇ ಜಾಗದಲ್ಲಿ ನಿಂತು ತಿರುಗುವ ಇಂಥದ್ದಕ್ಕೆ ಸ್ಥಿರ ರಾಟೆ ಎಂದು ಹೆಸರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತೊಲೆಯ ಮೇಲೆ ಬಿದ್ದ ಭಾರ ಎಷ್ಟು? ರಾಟೆಯ ಆ ಕಡೆ ಬುಟ್ಟಿಯ 40, ಈ ಕಡೆ ನಿಮ್ಮ ಎಳೆತದ 40. ಒಟ್ಟು 80 ಕಿಲೋ! ಆದ್ದರಿಂದಲೇ ತಿಳಿದವರು ರಾಟೆ ಕಟ್ಟುವ ಮೊದಲು ತೊಲೆಯನ್ನು ತಟ್ಟಿ ನೋಡುತ್ತಾರೆ, ಗೆದ್ದಲು ಹಿಡಿದಿದೆಯೇ ಎಂದು.

ಈಗ ಕಟ್ಟುವ ರೀತಿಯನ್ನು ಬದಲಾಯಿಸೋಣ. ಹಗ್ಗದ ತುದಿಯನ್ನು ಬುಟ್ಟಿಗೆ ಕಟ್ಟಬೇಡಿ, ತೊಲೆಗೇ ಕಟ್ಟಿ. ಹಗ್ಗ ಕೆಳಗಿಳಿದು ಬರಲಿ. ಬುಟ್ಟಿಯ ಕೊಕ್ಕೆಗೆ ಇನ್ನೊಂದು ರಾಟೆಯನ್ನು ಸಿಕ್ಕಿಸಿ, ಹಗ್ಗ ಅದರ ಅಡಿಯಿಂದ ತೂರಿ ಮತ್ತೆ ಮೇಲೆ ಹೋಗಲಿ. ತೊಲೆಯ ರಾಟೆಯ ಮೇಲೆ ಹಾದು ನಿಮ್ಮ ಕೈಗೆ ಇಳಿಯಲಿ. ಕೆಳಗಿನ ರಾಟೆ ಈಗ ಬುಟ್ಟಿಯ ಜೊತೆಗೇ ಏರುತ್ತದೆ. ಇದು ಚಲಿಸುವ ರಾಟೆ.

ಎಳೆದು ನೋಡಿ. 20 ಕಿಲೋ ಬಲ ಸಾಕು! 30 ಕಿಲೋ ತೂಕದ ನೀವು 40 ಕಿಲೋ ಬುಟ್ಟಿಯನ್ನು ಗೆದ್ದಿರಿ.

ಉಳಿದ 20 ಕಿಲೋ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ತುಂಬಿದ ಕೊಡವನ್ನು ಕೋಲಿಗೆ ತೂಗುಹಾಕಿ ಇಬ್ಬರು ಹೊತ್ತುಕೊಂಡು ಹೋಗುವುದನ್ನು ನೆನಪಿಸಿಕೊಳ್ಳಿ. ಕೊಡದ ಭಾರ ಅರ್ಧ ಒಬ್ಬರ ಹೆಗಲಿಗೆ, ಅರ್ಧ ಇನ್ನೊಬ್ಬರ ಹೆಗಲಿಗೆ. ಅಟ್ಟದ ಬುಟ್ಟಿಯೂ ಈಗ ಹಗ್ಗದ ಎರಡು ಸಾಲುಗಳಿಂದ ತೂಗುತ್ತಿದೆ. ಒಂದು ಸಾಲನ್ನು ಹಿಡಿದಿರುವವರು ನೀವು. ಇನ್ನೊಂದು ಸಾಲನ್ನು ಹಿಡಿದಿರುವುದು ಮನೆಯ ತೊಲೆ! ಅದಕ್ಕೆ ಆಯಾಸವಿಲ್ಲ, ಕೈ ನೋವಿಲ್ಲ, ಕೂಲಿಯೂ ಬೇಡ. ಹಗ್ಗ ಒಂದೇ ಆದ್ದರಿಂದ, ರಾಟೆಗಳು ಸಲೀಸಾಗಿ ತಿರುಗುತ್ತಿದ್ದರೆ ಅದರ ಬಿಗಿತ ಉದ್ದಕ್ಕೂ ಒಂದೇ ಆಗಿರುತ್ತದೆ. ಅದಕ್ಕೇ ಭಾರ ಎರಡು ಸಮಪಾಲಾಗುತ್ತದೆ.

ಮೇಲೆ ಇನ್ನೊಂದು, ಕೆಳಗೆ ಇನ್ನೊಂದು ರಾಟೆ ಸೇರಿಸಿ, ಅದೇ ಹಗ್ಗವನ್ನು ಮತ್ತೊಮ್ಮೆ ಸುತ್ತಿಸಿ ತನ್ನಿ. ಬುಟ್ಟಿಯನ್ನು ಹಿಡಿದ ಸಾಲುಗಳು ನಾಲ್ಕಾದವು. ನಿಮ್ಮ ಪಾಲಿಗೆ 10 ಕಿಲೋ. ಸಾಲುಗಳನ್ನು ಎಣಿಸುವಾಗ ಮಾತ್ರ ಜಾಗ್ರತೆ: ಬುಟ್ಟಿಯನ್ನು ಹಿಡಿದಿರುವ ಸಾಲುಗಳನ್ನಷ್ಟೇ ಎಣಿಸಬೇಕು. ಕೊನೆಯ ರಾಟೆಯಿಂದ ನಿಮ್ಮ ಕೈಗೆ ಇಳಿದು ಬರುವ ಸಾಲು ಲೆಕ್ಕಕ್ಕಿಲ್ಲ, ಅದು ಬುಟ್ಟಿಯನ್ನು ಎತ್ತುತ್ತಿಲ್ಲ, ದಿಕ್ಕನ್ನು ಬದಲಿಸುತ್ತಿದೆ ಅಷ್ಟೆ.

ರಾವಣನ ತೋಳುಗಳು ಸಿಕ್ಕಿದವು ನೋಡಿ. ಹೊರೆಯನ್ನು ಹಿಡಿದ ಹಗ್ಗದ ಒಂದೊಂದು ಸಾಲೂ ಒಂದೊಂದು ತೋಳು. ಇಪ್ಪತ್ತು ಸಾಲು ಮಾಡಿದರೆ 40 ಕಿಲೋ ಬುಟ್ಟಿಗೆ 2 ಕಿಲೋ ಬಲ ಸಾಕು. ಒಂದು ಬೆರಳಿನ ಕೆಲಸ. ಹಳೇಬೀಡಿನ ಅದೇ ಗೋಡೆಯಲ್ಲಿ ಕೃಷ್ಣ ಗೋವರ್ಧನ ಬೆಟ್ಟವನ್ನು ಎತ್ತಿ ಹಿಡಿದ ಶಿಲ್ಪವೂ ಇದೆ, ಅದನ್ನೂ ನೋಡಲು ಮರೆಯಬೇಡಿ.

ಇಷ್ಟು ಸುಲಭವಾದರೆ ಪ್ರತಿ ಅಟ್ಟಕ್ಕೂ ಇಪ್ಪತ್ತು ಸಾಲಿನ ಹಗ್ಗವನ್ನು ಯಾಕೆ ಕಟ್ಟುವುದಿಲ್ಲ? ಯಾಕೆಂದರೆ ಇಲ್ಲೊಂದು ಲೆಕ್ಕವಿದೆ, ಅದರಿಂದ ಯಾರೂ ತಪ್ಪಿಸಿಕೊಳ್ಳಲಾರರು. ಬುಟ್ಟಿ 10 ಅಡಿ ಏರಬೇಕಾದರೆ ಅದನ್ನು ಹಿಡಿದ ಪ್ರತಿ ಸಾಲೂ 10 ಅಡಿ ಗಿಡ್ಡವಾಗಬೇಕು. ಎರಡು ಸಾಲಿದ್ದರೆ 20 ಅಡಿ ಹಗ್ಗ ಎಳೆಯಬೇಕು. ನಾಲ್ಕಿದ್ದರೆ 40 ಅಡಿ. ಇಪ್ಪತ್ತಿದ್ದರೆ 200 ಅಡಿ! ಬಲವನ್ನು ದೂರದಿಂದ ಗುಣಿಸಿ ನೋಡಿ. 40 ಕಿಲೋ 10 ಅಡಿ, ಗುಣಿಸಿದರೆ 400. 20 ಕಿಲೋ 20 ಅಡಿ, 400. 2 ಕಿಲೋ 200 ಅಡಿ, ಅದೂ 400. ಈ ಗುಣಲಬ್ಧವನ್ನೇ ವಿಜ್ಞಾನದಲ್ಲಿ 'ಕೆಲಸ' ಎನ್ನುತ್ತಾರೆ. ರಾಟೆ ಕೆಲಸವನ್ನು ಒಂದು ಚೂರೂ ಕಡಿಮೆ ಮಾಡುವುದಿಲ್ಲ. ನಮ್ಮ ಕೈಲಾಗದ ದೊಡ್ಡ ತುತ್ತನ್ನು ನಮ್ಮ ಬಾಯಿಗೆ ಹಿಡಿಯುವ ಸಣ್ಣ ಸಣ್ಣ ತುತ್ತುಗಳಾಗಿ ಮಾಡಿ ಕೊಡುತ್ತದೆ. ಊಟ ಅಷ್ಟೇ, ತುತ್ತುಗಳು ಹೆಚ್ಚು.

ನಿಜಕ್ಕೂ ಕೆಲಸ ಸ್ವಲ್ಪ ಹೆಚ್ಚೇ ಆಗುತ್ತದೆ. ಪ್ರತಿಯೊಂದು ರಾಟೆಯ ಅಚ್ಚಿನಲ್ಲೂ ಘರ್ಷಣೆ ಇದೆ. ಬಾವಿಯ ರಾಟೆ ಕೀಚ್ ಕೀಚ್ ಎಂದು ಕೂಗುವುದು ಅದರಿಂದಲೇ. ನಾವು ಮಾಡಿದ ಕೆಲಸದಲ್ಲಿ ಒಂದು ಪಾಲು ಆ ಕೂಗಿಗೂ ಅಚ್ಚಿನ ಬಿಸಿಗೂ ಹೋಗುತ್ತದೆ. ರಾಟೆಗಳು ಹೆಚ್ಚಿದಷ್ಟೂ ಆ ನಷ್ಟ ಹೆಚ್ಚು. ಎರಡು ಹನಿ ಎಣ್ಣೆ ಬಿಟ್ಟರೆ ಕೂಗು ನಿಲ್ಲುತ್ತದೆ, ಕೊಡವೂ ಹಗುರಾದಂತೆ ಅನಿಸುತ್ತದೆ. ಹಗುರಾದದ್ದು ಕೊಡವಲ್ಲ, ಘರ್ಷಣೆ.

ನಿಮ್ಮ ಅಜ್ಜ ಅಜ್ಜಿಯನ್ನು 'ಕಪಿಲೆ' ಎಂದರೇನು ಎಂದು ಕೇಳಿ. ಬೋರ್‌ವೆಲ್ ಬರುವ ಮೊದಲು ತೆರೆದ ಬಾವಿಯಿಂದ ತೋಟಕ್ಕೆ ನೀರೆತ್ತುತ್ತಿದ್ದ ಏರ್ಪಾಡು ಅದು. ಬಾವಿಯ ಬಾಯಿಯ ಮೇಲೆ ಮರದ ರಾಟೆ, ಹಗ್ಗಕ್ಕೆ ಕಟ್ಟಿದ ದೊಡ್ಡ ಚರ್ಮದ ಚೀಲ, ಎಳೆಯಲು ಜೋಡಿ ಎತ್ತು. ಆ ರಾಟೆ ಸ್ಥಿರ ರಾಟೆ, ಭಾರವನ್ನು ಕಡಿಮೆ ಮಾಡುತ್ತಿರಲಿಲ್ಲ. ಆದರೆ ಎತ್ತುಗಳು ನಡೆಯುವ ದಾರಿಯನ್ನು ಬಾವಿಯಿಂದ ಆಚೆಗೆ ಇಳಿಜಾರಾಗಿ ಮಾಡಿರುತ್ತಿದ್ದರು. ಚೀಲ ತುಂಬಿ ಮೇಲೆ ಬರುವಾಗ ಎತ್ತುಗಳು ಇಳಿಯುತ್ತಿದ್ದವು, ಅವುಗಳ ಮೈಭಾರವೇ ನೀರನ್ನು ಎಳೆಯುತ್ತಿತ್ತು. ಚೀಲ ಖಾಲಿಯಾದ ಮೇಲೆ ಏರು ಹತ್ತಿ ಹಿಂದಕ್ಕೆ ಬರುತ್ತಿದ್ದವು. ಆ ಇಳಿಜಾರನ್ನು ಕಂಡುಹಿಡಿದ ರೈತನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವನು ದೊಡ್ಡ ಎಂಜಿನಿಯರ್ ಎಂದೇ ನಾನು ಹೇಳುತ್ತೇನೆ.

ಈಗ ನೀರು ಬಾವಿಯಲ್ಲಿಲ್ಲ, ಆಳಕ್ಕೆ ಹೋಗಿದೆ. ಅರಸೀಕೆರೆ ಸೀಮೆ ಮಳೆ ಕಡಿಮೆಯಾದ ಸೀಮೆ. ತೆಂಗು ಬದುಕಬೇಕಾದರೆ ಬೋರ್‌ವೆಲ್ ಬೇಕು. ಮೋಟರ್ ನೂರಾರು ಅಡಿ ಕೆಳಗೆ ನೀರಿನಲ್ಲಿ ಮುಳುಗಿರುತ್ತದೆ. ಅದು ಕೆಟ್ಟರೆ ರಿಪೇರಿಯವರು ಕೆಳಗಿಳಿಯಲು ಸಾಧ್ಯವಿಲ್ಲ, ಮೋಟರೇ ಮೇಲೆ ಬರಬೇಕು. ಜಾವಗಲ್ ದಾರಿಯ ಒಂದು ತೋಟದಲ್ಲಿ ಹೀಗೆ ಮೋಟರ್ ಎತ್ತುವುದನ್ನು ನಾನು ಬೆಳಿಗ್ಗೆಯಿಂದ ಕುಳಿತು ನೋಡಿದ್ದೇನೆ. ಈಗ ಎಷ್ಟೋ ಕಡೆ ಅದಕ್ಕೆ ಕ್ರೇನ್ ಇರುವ ಗಾಡಿ ಬರುತ್ತದೆ. ಆದರೆ ಆ ತೋಟಕ್ಕೆ ಬಂದವರು ಮೂರೇ ಜನ, ಒಂದು ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಒಂದು ಚೈನ್ ಪುಲ್ಲಿ.

ಎಷ್ಟು ಭಾರ ಇರಬಹುದು? ಲೆಕ್ಕ ಹಾಕೋಣ. ಒಂದೂಕಾಲು ಇಂಚಿನ ಕಬ್ಬಿಣದ ಪೈಪು 20 ಅಡಿ ಉದ್ದಕ್ಕೆ ಸುಮಾರು 20 ಕಿಲೋ ತೂಗುತ್ತದೆ. 600 ಅಡಿಗೆ ಅಂಥ 30 ಪೈಪು, ಅಂದರೆ 600 ಕಿಲೋ. ಪೈಪಿನೊಳಗೆ ನಿಂತ ನೀರು, ತುದಿಯಲ್ಲಿರುವ ಪಂಪು ಮೋಟರು, ಕೇಬಲ್ ಎಲ್ಲ ಸೇರಿದರೆ 800 ಕಿಲೋ ದಾಟುತ್ತದೆ. ಮೂರು ಜನರ ಆರು ಕೈ ಇದನ್ನು ಎತ್ತುವುದು ಸುಳ್ಳು.

ಚೈನ್ ಪುಲ್ಲಿಯಲ್ಲಿ ಎರಡು ಸರಪಳಿ ಇರುತ್ತವೆ. ದಪ್ಪನೆಯದು ಹೊರೆಯ ಸರಪಳಿ, ಅದರ ಕೊಕ್ಕೆಗೆ ಪೈಪಿನ ಕ್ಲಾಂಪು ಸಿಕ್ಕಿಸುತ್ತಾರೆ. ತೆಳುವಾದದ್ದು ಕೈಸರಪಳಿ, ಬಳೆಯಂತೆ ಸುತ್ತಿ ಬರುತ್ತದೆ. ಪೆಟ್ಟಿಗೆಯೊಳಗೆ ರಾಟೆಯ ಜೊತೆ ಹಲ್ಲುಗಾಲಿಗಳೂ ಇರುತ್ತವೆ. ಸಣ್ಣ ಗಾಲಿ ದೊಡ್ಡದನ್ನು ತಿರುಗಿಸುತ್ತಾ ವೇಗವನ್ನು ನಿಧಾನಗೊಳಿಸುತ್ತದೆ. ಸುಮಾರು 30 ಕಿಲೋ ಎತ್ತುವಷ್ಟು ಬಲ ಹಾಕಿ ಎಳೆದರೆ ಸಾಕು, ಟನ್ ಭಾರ ಮೇಲೇರುತ್ತದೆ. ಕೈ ಬಿಟ್ಟರೂ ಜಾರುವುದಿಲ್ಲ, ಒಳಗಿನ ಬ್ರೇಕು ಹಿಡಿದುಕೊಳ್ಳುತ್ತದೆ.

ಬೆಲೆ? ನಮ್ಮ ಹಳೆಯ ಲೆಕ್ಕವೇ. ಹೊರೆ ಒಂದು ಅಡಿ ಏರಲು ಕೈಸರಪಳಿ ಮೂವತ್ತು ನಲವತ್ತು ಅಡಿ ಹರಿಯಬೇಕು. 35 ಎಂದು ಹಿಡಿಯಿರಿ. 600 ಅಡಿ ಏರಲು 21,000 ಅಡಿ ಸರಪಳಿ. ಕಿಲೋಮೀಟರಿನಲ್ಲಿ ಹೇಳಿದರೆ ಸುಮಾರು 6.4! ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರ್. ಆ ದಾರಿಯ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಉದ್ದದ ಸರಪಳಿ ಆ ಮೂವರ ಅಂಗೈಗಳ ಮೂಲಕ ಹಾದುಹೋಗುತ್ತದೆ. ಇಪ್ಪತ್ತು ಅಡಿ ಬಂದಾಗ ನಿಲ್ಲಿಸಿ, ಬೋರಿನ ಬಾಯಲ್ಲಿ ಕ್ಲಾಂಪು ಬಿಗಿದು, ಮೇಲಿನ ಪೈಪನ್ನು ಬಿಚ್ಚಿ ಬದಿಗಿಡುತ್ತಾರೆ. ಮತ್ತೆ ಸರಪಳಿ. ಮಧ್ಯಾಹ್ನದ ಹೊತ್ತಿಗೆ ಪೈಪುಗಳು ಕಡಿಮೆಯಾಗಿ ಹೊರೆ ಹಗುರಾಗಿತ್ತು, ಆದರೂ ಸರಪಳಿ ಎಳೆಯುವುದು ಒಂದು ಅಡಿಯಷ್ಟೂ ಕಡಿಮೆಯಾಗಲಿಲ್ಲ. ಭಾರ ಇಳಿದರೆ ಬಲ ಇಳಿಯುತ್ತದೆ, ದೂರ ಇಳಿಯುವುದಿಲ್ಲ. ಅವರಲ್ಲೊಬ್ಬರು ಅಂಗೈ ತೋರಿಸಿದರು. ಚರ್ಮ ಒಣಗಿದ ತೆಂಗಿನ ಚಿಪ್ಪಿನ ಹಾಗೆ ಗಟ್ಟಿಯಾಗಿತ್ತು. ನಲ್ಲಿಯಲ್ಲಿ ನೀರು ಬಂದಾಗ ಆ ಕೈಗಳನ್ನು ನೆನೆಯಿರಿ.

ಗ್ರೀಸಿನವರ ಕಾಲದಲ್ಲೇ, ಇಂದಿಗೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ಸಿರಾಕ್ಯೂಸ್ ಎಂಬ ಊರಿನ ಆರ್ಕಿಮಿಡೀಸ್ ರಾಟೆಗಳ ಜೋಡಣೆಯಿಂದ ಜನರೂ ಸರಕೂ ತುಂಬಿದ ಹಡಗನ್ನು ಒಬ್ಬನೇ ಕುಳಿತು ಎಳೆದನೆಂದು ಪ್ಲೂಟಾರ್ಕ್ ಎಂಬ ಹಳೆಯ ಲೇಖಕ ಬರೆದಿದ್ದಾನೆ. ಎಷ್ಟು ಹೊತ್ತು ಎಳೆದ, ಎಷ್ಟು ಉದ್ದ ಹಗ್ಗ ಬೇಕಾಯಿತು ಎಂದು ಕೇಳಬೇಕಾದವರು ನೀವು. ಈಗ ನಿಮಗೆ ಲೆಕ್ಕ ಗೊತ್ತಿದೆಯಲ್ಲ.

ಈಗ ನಮ್ಮ ಕಡೆಯ ಕಲ್ಲಿನ ದೇವಾಲಯಗಳಿಗೆ ಬರೋಣ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಹೊಯ್ಸಳ ರಾಜ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾಯಿತು. ಅರಸೀಕೆರೆಯ ಈಶ್ವರ ದೇವಾಲಯ ಅದಾದ ನೂರು ವರ್ಷದ ನಂತರ, 1220ರ ಹೊತ್ತಿನದು. ಬೇಲೂರು, ಹಳೇಬೀಡು ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು ಅದು. ಮೆತ್ತಗೆ ಎಂದ ಮಾತ್ರಕ್ಕೆ ಹಗುರವಲ್ಲ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತುಂಡು ಸುಮಾರು 80 ಕಿಲೋ. ಆರು ಅಡಿ ಉದ್ದದ ಅಂಥ ತೊಲೆ 480 ಕಿಲೋ. ಬೇಲೂರಿನ ಅಂಗಳದಲ್ಲಿ 42 ಅಡಿ ಎತ್ತರದ ಕಂಬವೊಂದು ಕಲ್ಲಿನ ಕಟ್ಟೆಯ ಮೇಲೆ ತನ್ನ ಭಾರದಿಂದಲೇ ನಿಂತಿದೆ. ಯಂತ್ರವಿಲ್ಲದ ಕಾಲದಲ್ಲಿ ಲೋಕದ ಬೇರೆ ಬೇರೆ ಕಡೆ ಕಲ್ಲು ಏರಿಸಿದವರು ಹಗ್ಗ, ಸನ್ನೆಕೋಲು, ಉರುಳುವ ಮರದ ದಿಮ್ಮಿ, ಮಣ್ಣಿನ ಇಳಿಜಾರು ಇವನ್ನು ನೆಚ್ಚಿಕೊಂಡಿದ್ದರು. ಇಳಿಜಾರೂ ರಾಟೆಯ ಒಡಹುಟ್ಟಿದ ತಂಗಿ. 480 ಕಿಲೋ ಕಲ್ಲನ್ನು ನೇರವಾಗಿ 10 ಅಡಿ ಎತ್ತುವ ಬದಲು 100 ಅಡಿ ಉದ್ದದ ಇಳಿಜಾರಿನಲ್ಲಿ ಎಳೆದರೆ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, 48 ಕಿಲೋ ಬಲ ಸಾಕು. ಬಲ ಹತ್ತರಲ್ಲಿ ಒಂದು, ದೂರ ಹತ್ತು ಪಟ್ಟು.

ನೀವೇ ಮಾಡಿ ನೋಡುವಂಥದ್ದೊಂದು ಇದೆ. ಎರಡು ನುಣುಪಾದ ಕೋಲು ತನ್ನಿ, ಪೊರಕೆಯ ಹಿಡಿಯಾದರೂ ಸರಿ. ಇಬ್ಬರು ಬಲಶಾಲಿ ಗೆಳೆಯರು ಎದುರುಬದುರಾಗಿ ನಿಂತು, ಕೋಲುಗಳನ್ನು ಅಡ್ಡ ಹಿಡಿದು, ನಡುವೆ ಒಂದು ಮೊಳ ಜಾಗ ಬಿಡಲಿ. ನೈಲಾನ್ ಹಗ್ಗದ ತುದಿಯನ್ನು ಒಂದು ಕೋಲಿಗೆ ಕಟ್ಟಿ, ಎರಡೂ ಕೋಲುಗಳನ್ನು ಬಳಸಿ ನಾಲ್ಕೈದು ಸುತ್ತು ತನ್ನಿ. ಇನ್ನೊಂದು ತುದಿಯನ್ನು ತರಗತಿಯ ಅತಿ ಚಿಕ್ಕ ಹುಡುಗಿಯ ಕೈಗೆ ಕೊಡಿ. "ಕೋಲು ಹತ್ತಿರ ಬರದ ಹಾಗೆ ಹಿಡಿದುಕೊಳ್ಳಿ" ಎಂದು ಆ ಇಬ್ಬರಿಗೆ ಹೇಳಿ, ಅವಳಿಗೆ ಎಳೆಯಲು ಹೇಳಿ. ಅವರು ಎಷ್ಟೇ ಹಲ್ಲು ಕಚ್ಚಿದರೂ ಕೋಲುಗಳು ಹತ್ತಿರ ಬಂದೇ ಬರುತ್ತವೆ! ಇಲ್ಲಿ ಕೋಲುಗಳೇ ರಾಟೆ. ಹಗ್ಗ ಜಾರದಿದ್ದರೆ ಕೋಲಿಗೆ ಮುಖದ ಪೌಡರ್ ಬಳಿಯಿರಿ. ಬೆರಳುಗಳು ಹಗ್ಗದ ನಡುವೆ ಸಿಗದಂತೆ ನೋಡಿಕೊಳ್ಳಿ. ಬಾವಿಯ ಹತ್ತಿರ ಮಾತ್ರ ದೊಡ್ಡವರಿಲ್ಲದೆ ಹೋಗಲೇಬೇಡಿ.

ಕೊನೆಗೆ ನನಗೆ ತುಂಬ ಇಷ್ಟವಾದ ರಾಟೆ. ಅರಸೀಕೆರೆ ಜಂಕ್ಷನ್‌ನಿಂದ ಬೆಂಗಳೂರಿನ ಕಡೆಗೋ ಹುಬ್ಬಳ್ಳಿಯ ಕಡೆಗೋ ಹೊರಟಾಗ ಕಿಟಕಿಯಲ್ಲಿ ಹಳಿಯ ಪಕ್ಕದ ಕಂಬಗಳನ್ನು ಗಮನಿಸಿ. ಅಲ್ಲೊಂದು ಇಲ್ಲೊಂದು ಕಂಬಕ್ಕೆ ರಾಟೆಗಳ ಗೊಂಚಲು, ಅದರ ಕೆಳಗೆ ಒಂದರ ಮೇಲೊಂದು ಪೇರಿಸಿದ ಭಾರದ ಬಿಲ್ಲೆಗಳು ತೂಗುತ್ತಿರುತ್ತವೆ. ರೈಲಿಗೆ ವಿದ್ಯುತ್ ಕೊಡುವ ಮೇಲಿನ ತಂತಿ ಸದಾ ಬಿಗಿಯಾಗಿರಬೇಕು. ಆ ತಂತಿ ಮತ್ತು ಅದನ್ನು ಹೊತ್ತ ತಂತಿ ಎರಡಕ್ಕೂ ಸೇರಿ ಸುಮಾರು 2000 ಕಿಲೋ ಭಾರದಷ್ಟು ಬಿಗಿತ ಬೇಕು. ಬಿಸಿಲಿಗೆ ತಂತಿ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಕಂಬಕ್ಕೆ ಕಟ್ಟಿಬಿಟ್ಟರೆ ಮಧ್ಯಾಹ್ನ ಜೋಲು ಬೀಳುತ್ತದೆ. ಅದಕ್ಕೆ ತುದಿಯನ್ನು ರಾಟೆಗಳ ಮೂಲಕ ತಂದು ಭಾರಕ್ಕೆ ಕಟ್ಟಿದ್ದಾರೆ. ಮೂರು ಪಟ್ಟಿನ ಜೋಡಣೆಯಾದರೆ 2000 ಕಿಲೋ ಬಿಗಿತವನ್ನು ಸುಮಾರು 665 ಕಿಲೋ ಬಿಲ್ಲೆಗಳೇ ಹಿಡಿದಿಡುತ್ತವೆ. ತಂತಿ ಒಂದು ಗೇಣು ಹಿಗ್ಗಿದರೆ ಬಿಲ್ಲೆಗಳು ಮೂರು ಗೇಣು ಇಳಿಯುತ್ತವೆ. ಚಳಿಯ ಬೆಳಗ್ಗೆ ಮತ್ತೆ ಮೇಲೇರುತ್ತವೆ. ಯಾರೂ ಎಳೆಯುವುದಿಲ್ಲ, ಯಾರೂ ಬಿಡುವುದಿಲ್ಲ.

ಒಂದೇ ಕಂಬದ ಆ ಬಿಲ್ಲೆಗಳನ್ನು ಮಾಗಿಯ ಬೆಳಗ್ಗೆ ಒಮ್ಮೆ, ಬೇಸಿಗೆಯ ಮಧ್ಯಾಹ್ನ ಒಮ್ಮೆ ರೈಲಿನ ಒಳಗಿನಿಂದಲೇ ನೋಡಿ. ನೆಲದಿಂದ ಎಷ್ಟು ಎತ್ತರದಲ್ಲಿವೆ ಎಂದು ಬರೆದಿಟ್ಟುಕೊಳ್ಳಿ.